ಗುಡ್ಡದ ಮೇಲಿನ ಕನ್ನಡ

ಹೋದ ವಾರ ಟೊರೊಂಟೊ ಏರ್‌ಪೋರ್ಟಿನ ಪಕ್ಕದ ಮಾಲ್ಟನ್‌ನಲ್ಲಿ ಮೆಂತ್ಯ ಸೊಪ್ಪು ಕೊಂಡು ಅಂಗಡಿಯಿಂದ ಹೊರಗೆ ಬಂದೆ. ಆಗಷ್ಟೇ ಒಂದು ಮಳೆ ಬಿದ್ದು ನಿಂತಿತ್ತು. ಪಾರ್ಕಿಂಗ್ ಲಾಟಿನಲ್ಲಿ ಯಾರೋ ಹೊಸ ಕಾರಿನ ಹುರುಪಿನಲ್ಲಿ ಚಕ್ರ ಗಿರ್ರನೆ ತಿರುಗಿಸಿಕೊಂಡು ಹೋದರು. ಒದ್ದೆ ಟಾರು, ಸುಟ್ಟ ರಬ್ಬರು, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಸೊಪ್ಪಿನ ಚೀಲವನ್ನು ಕಾರಿನ ಮೇಲಿಟ್ಟು ಬಾಗಿಲು ಹಿಡಿದು ನಿಂತೆ. ಪಕ್ಕದ ಕಾರಿನ ಹೆಂಗಸು "ಆರ್ ಯು ಓಕೆ, ಆಂಟಿ?" ಎಂದು ಕೇಳಿದಳು. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಿರಬಹುದು, ಅಷ್ಟೆ. ಬೇರೆ ದಿನವಾಗಿದ್ದರೆ ಆಂಟಿ ಅಂದದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದ್ದೆ. ಅವತ್ತು ತಲೆಯಾಡಿಸಿ ಕಾರಿನೊಳಗೆ ಕೂತೆ.

ಆ ವಾಸನೆಗೆ ನನ್ನ ಮಟ್ಟಿಗೆ ಒಂದೇ ಅರ್ಥ. ನನ್ನ ಮಗಳು ನಿಧಿ ಕೆನಡಾದಲ್ಲಿ ಟೂರಿಂಗ್ ಕಾರು ಓಡಿಸಿದ ಕೊನೆಯ ವರ್ಷ. ಮೇ ತಿಂಗಳ ಚಳಿಯಲ್ಲಿ ಶುರುವಾಗಿ ಸೆಪ್ಟೆಂಬರಿನ ಮಳೆಯಲ್ಲಿ ಮುಗಿದ ಆ ಬೇಸಿಗೆಯುದ್ದಕ್ಕೂ ನಾನು ಮಡಿಲಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಓಡಾಡಿದೆ.

ಟೂರಿಂಗ್ ಕಾರು ಎಂದರೆ ಪ್ರವಾಸದ ಕಾರಲ್ಲ. ನಾವು ನೀವು ತರಕಾರಿ ತರಲು ಓಡಿಸುವಂಥ ಕಾರನ್ನೇ ಬಿಚ್ಚಿ, ಸೀಟು, ಕಾರ್ಪೆಟ್ಟು ಎಲ್ಲ ಕಿತ್ತೆಸೆದು, ಒಳಗೆ ಉಕ್ಕಿನ ಪಂಜರ ಕೂರಿಸಿ, ಒಬ್ಬರಿಗೊಬ್ಬರು ಗುದ್ದಿಕೊಂಡು ಓಡಿಸುವ ರೇಸು. ಇದರ ನಿಜವಾದ ಹುಚ್ಚು ಇರುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿನ ರಾಷ್ಟ್ರೀಯ ಸರಣಿಗೆ ನಮ್ಮ ಕ್ರಿಕೆಟ್ಟಿಗೆ ಸೇರುವ ಹಾಗೆ ಜನ ಸೇರುತ್ತಾರೆ. ನಿಧಿ ಚಿಕ್ಕವಳಿದ್ದಾಗಿನಿಂದ ಆ ರೇಸುಗಳನ್ನು ಕಂಪ್ಯೂಟರಿನಲ್ಲಿ ನೋಡಿ ನೋಡಿ, ಅಲ್ಲಿನ ಒಂದೊಂದು ತಿರುವಿನ ಹೆಸರನ್ನೂ ಬಾಯಿಪಾಠ ಮಾಡಿದ್ದಳು. ಅವಳ ಅಜ್ಜಿಯ ಮನೆ ಮೈಸೂರಿನ ಯಾವ ಬಡಾವಣೆಯಲ್ಲಿದೆ ಎಂದು ಕೇಳಿದರೆ ಮಾತ್ರ ನನ್ನ ಮುಖ ನೋಡುತ್ತಿದ್ದಳು.

ಆ ವರ್ಷ ನಮ್ಮ ಸರಣಿಯ ಹೊಸಬರ ವಿಭಾಗದಲ್ಲಿ ಮೊದಲು ಬಂದವರಿಗೆ ಆಸ್ಟ್ರೇಲಿಯಾದ ಒಂದು ತಂಡ ಮುಂದಿನ ಇಡೀ ವರ್ಷ ತಮ್ಮ ಕಾರು ಓಡಿಸುವ ಸೀಟು ಕೊಡುತ್ತೇನೆಂದಿತ್ತು. ಹೊಸಬರ ವಿಭಾಗದಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ನಿಧಿಗೆ ಅದು ಮೂರನೆಯದು. ಈ ಬಾಗಿಲು ಮುಚ್ಚಿದರೆ ತಟ್ಟಲು ಇನ್ನೊಂದು ಬಾಗಿಲು ಇರಲಿಲ್ಲ. ಇಪ್ಪತ್ತೊಂದರ ಹುಡುಗಿ ಊಟಕ್ಕೆ ಕೂತಾಗಲೂ ಕಾಲು ಅಲ್ಲಾಡಿಸುತ್ತ, ತಟ್ಟೆಯಲ್ಲಿ ಏನಿದೆ ಎಂದು ನೋಡದೆ ತಿನ್ನುತ್ತಿದ್ದಳು. ಅವಳಿಗೆ ಆ ಸೀಟು ಸಿಗದಿದ್ದರೆ ಏನಾಗುತ್ತಾಳೋ ಎಂಬ ಭಯ, ಸಿಕ್ಕಿದರೆ ಏನಾಗುತ್ತಾಳೋ ಎಂಬ ಭಯ, ಎರಡನ್ನೂ ನಾನು ಒಂದೇ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ನಮ್ಮದು ಮನೆಮಂದಿಯ ತಂಡ. ಇವರು, ಅಂದರೆ ನನ್ನ ಗಂಡ ಶ್ರೀಧರ, ಟೊರೊಂಟೊ ಉತ್ತರದ ಅರೋರಾದಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ನಾನು ಯೂನಿಯನ್‌ವಿಲ್‌ನ ನಮ್ಮ ಮನೆಯ ಹತ್ತಿರದ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತೇನೆ. ಮನೆಯಲ್ಲಿ ಪುಕ್ಕಟೆ ಮಾಡುವ ಕೆಲಸಕ್ಕೆ ಆಫೀಸಿನಲ್ಲಿ ಸಂಬಳ ಕೊಡುತ್ತಾರೆ, ತಪ್ಪು ಹುಡುಕುವುದಕ್ಕೆ, ಎಂದು ಇವರು ಬಂದವರೆದುರು ಚೇಷ್ಟೆ ಮಾಡುವುದುಂಟು. ಕಾರು ಇದ್ದದ್ದು ಮಾಲ್ಟನ್‌ನಲ್ಲಿ, ನಾವು ಪಂಜಾಬಿಯಲ್ಲಿ ಪಾಜಿ, ಅಂದರೆ ಅಣ್ಣ, ಎಂದು ಕರೆಯುವ ಜಸ್ವಿಂದರ್ ಅವರ ಲಾರಿ ರಿಪೇರಿ ಶೆಡ್ಡಿನ ಒಂದು ಮೂಲೆಯಲ್ಲಿ. ಅಲ್ಲಿ ವಿಮಾನಗಳು ತಲೆ ತಾಕಿಸುವ ಹಾಗೆ ಇಳಿಯುತ್ತವೆ. ಒಂದೊಂದು ಇಳಿಯುವಾಗಲೂ ಮಾತು ನಿಲ್ಲಿಸಿ ಕಾಯಬೇಕು. ಗಂಡ ಹೆಂಡತಿಯ ಎಷ್ಟೋ ಜಗಳಗಳು ವಿಮಾನದ ದಯೆಯಿಂದ ಅರ್ಧಕ್ಕೇ ನಿಂತವು.

ರೇಸು ನಡೆಯುತ್ತಿದ್ದದ್ದು ಟೊರೊಂಟೊದಿಂದ ಪೂರ್ವಕ್ಕೆ, ಬೋಮನ್‌ವಿಲ್ ದಾಟಿ ಒಳಗೆ ಹೋದರೆ ಸಿಗುವ ಗುಡ್ಡಗಳ ನಡುವಿನ ಟ್ರ್ಯಾಕಿನಲ್ಲಿ. ಏರು, ಇಳುಕಲು, ಕುರುಡು ತಿರುವು ಎಲ್ಲ ಇರುವ ಜಾಗ. ಹಾಗಾಗಿ ಪ್ರತಿ ತಂಡದಿಂದ ಒಬ್ಬರು ಎತ್ತರದ ಗುಡ್ಡದ ಮೇಲೆ ನಿಂತು, ಓಡಿಸುವವರಿಗೆ ಕಾಣದ್ದನ್ನು ವಾಕಿಟಾಕಿಯಲ್ಲಿ ಹೇಳಬೇಕು. ನಮ್ಮಲ್ಲಿದ್ದದ್ದು ಒಂದೇ ಜೊತೆ ಸೆಟ್ಟು. ಒಂದು ಅವಳ ಹೆಲ್ಮೆಟ್ಟಿನಲ್ಲಿ, ಇನ್ನೊಂದು ಗುಡ್ಡದ ಮೇಲಿರುವವರ ಕೈಯಲ್ಲಿ. ಆ ಕೆಲಸ ನನಗೆ ಬಂತು. ಇವರಿಗೆ ಸಿಟ್ಟು ಬಂದರೆ ಮಾತು ಹೊರಡುವುದಿಲ್ಲ, ನನಗೆ ಸಿಟ್ಟು ಬಂದರೆ ಮಾತು ನಿಲ್ಲುವುದಿಲ್ಲ. ಎರಡರಲ್ಲಿ ನಿಲ್ಲದ್ದೇ ವಾಸಿ ಎಂದಳು ನಿಧಿ.

ಮೇ ತಿಂಗಳ ಮೊದಲ ರೇಸಿನಲ್ಲಿ ಇಂಗ್ಲಿಷಿನಲ್ಲೇ ಹೇಳಿದೆ. ಹುಲ್ಲಿನ ಮೇಲೆ ಬೆಳಗಿನ ಇಬ್ಬನಿ ಗಟ್ಟಿಯಾಗಿ ಕೂತಿದ್ದ ದಿನ, ಎರಡು ಸ್ವೆಟರು ಹಾಕಿಕೊಂಡೂ ಹಲ್ಲು ಕಟಕಟ ಅನ್ನುತ್ತಿತ್ತು. ಮುಂದಿನ ಸುತ್ತಿಗೆ ಟೈರು ಬದಲಾಯಿಸಲು ಪಿಟ್ಟಿನೊಳಗೆ, ಅಂದರೆ ಟ್ರ್ಯಾಕಿನ ಪಕ್ಕದ ರಿಪೇರಿ ಜಾಗಕ್ಕೆ, ಬಾ ಎಂದು ನಾನು ಹೇಳುವಷ್ಟರಲ್ಲಿ ಕೆಂಪು ಟ್ರೈಲರಿನ ತಂಡ ತಮ್ಮ ಹುಡುಗ ಟ್ರೆವರ್‌ನನ್ನು ಒಳಗೆ ಕರೆದು, ಬದಲಾಯಿಸಿ, ಹೊರಗೆ ಬಿಟ್ಟಾಗಿತ್ತು. ಒಂದಲ್ಲ, ಎರಡು ಸಲ. ಆಮೇಲೆ ಗೊತ್ತಾಯಿತು, ಒಬ್ಬರ ಮಾತನ್ನು ಇನ್ನೊಬ್ಬರು, ರೇಡಿಯೋ ಮಾತು ಹಿಡಿಯುವ ಸ್ಕ್ಯಾನರಿನಲ್ಲಿ ಕೇಳುವುದು ಅಲ್ಲಿ ಮಾಮೂಲು. ಬೇಡ ಎನ್ನುವ ನಿಯಮವೇ ಇಲ್ಲ. ಅವತ್ತು ಮನೆಗೆ ಬರುವ ದಾರಿಯಲ್ಲಿ ನಿಧಿ ಕಿಟಕಿಗೆ ಹಣೆ ಹಚ್ಚಿಕೊಂಡು ಕೂತಿದ್ದಳು. ಕಾರು ಓಡಿಸುತ್ತಿದ್ದ ಇವರು ಇದ್ದಕ್ಕಿದ್ದಂತೆ ಹೇಳಿದರು:

"ಕನ್ನಡದಲ್ಲಿ ಹೇಳೆ ಸುಮಾ. ಯಾವನು ಕೇಳ್ಕೋತಾನೋ ಕೇಳ್ಕೊಳ್ಲಿ."

ಹಾಗೆ ಶುರುವಾಯಿತು. ಗುಟ್ಟಿನ ಭಾಷೆ ಏನಲ್ಲ, ಮನೆಯಲ್ಲಿ ಆಡುವ ಮೈಸೂರು ಕನ್ನಡವೇ. ನಿಧಿ ಇಲ್ಲಿ ಹುಟ್ಟಿದವಳು, ಎಲ್ಲ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಇಂಗ್ಲಿಷೇ ಬರುವುದು. ಮನೆಯಲ್ಲಿ ಇದಕ್ಕೆ ನಾನು ಎಷ್ಟು ರೇಗಿದ್ದೆನೋ, ಟ್ರ್ಯಾಕಿನಲ್ಲಿ ಅದೇ ಅನುಕೂಲವಾಯಿತು. ನಾನು ಉದ್ದಕ್ಕೆ ಕನ್ನಡದಲ್ಲಿ ಹೇಳುತ್ತಿದ್ದೆ, ಅವಳು "ಕಾಪಿ", ಅಂದರೆ ಕೇಳಿಸಿತು, ಎಂದು ಒಂದೇ ಮಾತು ಆಡುತ್ತಿದ್ದಳು. ಕೇಳಿಸಿಕೊಳ್ಳುವವರಿಗೆ ಏನೂ ದಕ್ಕುತ್ತಿರಲಿಲ್ಲ.

ಜೂನು, ಜುಲೈ ಚೆನ್ನಾಗಿಯೇ ಹೋದವು. ಧಗೆಯ ದಿನಗಳು. ಗುಡ್ಡದ ಮೇಲೆ ನೆರಳಿಲ್ಲ, ಟೋಪಿಯೊಳಗೆ ತಲೆ ಬೇಯುತ್ತಿತ್ತು. ಬೇರೆ ತಂಡದ ಗಂಡಸರು ಮಡಚುವ ಕುರ್ಚಿಯಲ್ಲಿ ಕೂತು ಎರಡೆರಡು ಮಾತು ಆಡುತ್ತಿದ್ದರೆ, ನಾನು ಮಜ್ಜಿಗೆ ಬಾಟಲಿ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಕೂಗುವವಳ ಹಾಗೆ ಕೂಗುತ್ತಿದ್ದೆ. "ಟೈರು ಉಳಿಸ್ಕೋ ಪುಟ್ಟಾ, ಇನ್ನೂ ಬಹಳ ದೂರ ಇದೆ." "ಎಡಗಡೆ ಒಬ್ಬ ಬರ್ತಿದಾನೆ, ನೋಡ್ಕೋ." ಒಂದು ಸಲ ಟ್ರೆವರ್ ತಿರುವಿನಲ್ಲಿ ಅವಳ ಬಾಗಿಲಿಗೆ ಉಜ್ಜಿಕೊಂಡು ನುಗ್ಗುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. "ಮದುವೆ ಮನೇಲಿ ಊಟಕ್ಕೆ ನುಗ್ಗೋನ ಹಾಗೆ ನುಗ್ತಿದಾನೆ ಮುಂಡೇದು. ಮೊದಲನೇ ಪಂಕ್ತೀಲಿ ಅವನೇ ಉಣ್ಣಲಿ ಬಿಡು. ನೀನು ಎರಡನೇ ಪಂಕ್ತಿಗೆ ಕೂತ್ಕೋ, ಪಾಯಸ ಅಲ್ಲೇ ಗಟ್ಟಿ ಇರೋದು." ಅವಳು ಅವನನ್ನು ಬಿಟ್ಟಳು. ನಾಲ್ಕೈದು ಸುತ್ತಿನಲ್ಲಿ ಅವನ ಟೈರು ಸವೆದು ಹೋಯಿತು, ಅವಳು ನಿಧಾನವಾಗಿ ದಾಟಿ ಮೊದಲು ಬಂದಳು. ಆ ಸಂಜೆ ಮಾಲ್ಟನ್‌ನ ಶೆಡ್ಡಿನಲ್ಲಿ ಪಾಜಿ ಎಲ್ಲರಿಗೂ ಜಿಲೇಬಿ ಹಂಚಿದರು.

ಆಗಸ್ಟಿನಲ್ಲಿ ಎಲ್ಲ ತಿರುಗಿ ಬಿತ್ತು. ನಾನು ಒಳಗೆ ಬಾ ಎಂದರೆ ಟ್ರೆವರ್ ಅವಳಿಗಿಂತ ಮೊದಲು ಒಳಗೆ. ಅವನ ಬ್ರೇಕು ಕಾದಿದೆ, ಮುಂದಿನ ಇಳುಕಲಲ್ಲಿ ಹಿಡಿ ಎಂದರೆ ಅವನು ಆ ಇಳುಕಲಿನಲ್ಲಿ ಬಾಗಿಲು ಮುಚ್ಚಿದ ಹಾಗೆ ಅಡ್ಡ ಬರುತ್ತಿದ್ದ. ಎರಡು ರೇಸಿನಲ್ಲಿ ನಮ್ಮ ಮುನ್ನಡೆಯೆಲ್ಲ ಕರಗಿತು. ನಿಧಿ ತಾನೇ ನಿಧಾನವಾಗಿದ್ದೇನೆ ಎಂದುಕೊಂಡಳು. ನಿದ್ದೆಯಿಲ್ಲ, ಊಟವಿಲ್ಲ. ಒಂದು ದಿನ ಬೆಳಗ್ಗೆ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಮೇಬಿ ಐ ಆಮ್ ಜಸ್ಟ್ ನಾಟ್ ಗುಡ್ ಇನಫ್, ಅಮ್ಮಾ" ಎಂದಳು. ಹೆತ್ತವಳಿಗೆ ಆ ಮಾತು ಕೇಳಿಸಬಾರದು. ಸಾಲದ್ದಕ್ಕೆ ಅವಳು ಅಳಲೂ ಇಲ್ಲ.

ಇವರಿಗೆ ತಲೆ ಕೆಟ್ಟಿತು. ಶೆಡ್ಡಿನಲ್ಲಿ ನಾವು ಮಾತಾಡಿದ್ದನ್ನು ಯಾರೋ ಕೆಂಪು ತಂಡಕ್ಕೆ ಮುಟ್ಟಿಸುತ್ತಿದ್ದಾರೆ ಎಂದು ಪಾಜಿಯ ಮೇಲೇ ಕೂಗಾಡಿದರು. ಬಾಡಿಗೆಯಿಲ್ಲದೆ ಜಾಗ ಕೊಟ್ಟ ಮನುಷ್ಯ. ನಾನು ನೆಲ ಬಿರಿಯಬಾರದೇ ಎಂದು ನಿಂತಿದ್ದೆ. ಪಾಜಿ ಒಳಗೆ ಹೋಗಿ, ಒಂದು ಲೋಟ ಚಹಾ ತಂದು ಇವರ ಕೈಗೆ ಕೊಟ್ಟರು. "ಪೆಹಲೇ ಪೀಲೋ ಭಾಯಿಸಾಬ್, ಫಿರ್ ಗಾಲಿ ದೇನಾ" ಎಂದರು, ಮೊದಲು ಕುಡಿಯಿರಿ, ಆಮೇಲೆ ಬೈಯುವಿರಂತೆ ಎಂದು. ಅಷ್ಟರಲ್ಲಿ ಒಂದು ವಿಮಾನ ಇಳಿಯಿತು. ಅದು ಹೋಗುವಷ್ಟರಲ್ಲಿ ಇವರು ಲೋಟ ಹಿಡಿದುಕೊಂಡೇ ಅಳುತ್ತಿದ್ದರು.

ಗುಟ್ಟು ಬಯಲಾದದ್ದು ನನ್ನ ಮೂಗಿನಿಂದ. ಆಗಸ್ಟ್ ಕೊನೆಯ ಅಭ್ಯಾಸದ ದಿನ, ಟ್ರೈಲರುಗಳ ಹಿಂದಿನಿಂದ ನಡೆದು ಹೋಗುತ್ತಿದ್ದೆ. ಪೆಟ್ರೋಲಿನ ವಾಸನೆಯ ನಡುವೆ ಶೇಂಗಾ ಚಟ್ನಿಯ ವಾಸನೆ ಬಂತು. ನಿಂತುಬಿಟ್ಟೆ. ಕೆಂಪು ಟ್ರೈಲರಿನ ನೆರಳಿನಲ್ಲಿ, ಹಳೆಯ ಟೈರುಗಳ ಮೇಲೆ ನಲವತ್ತರ ಆಸುಪಾಸಿನ ಒಬ್ಬರು ಕೂತು, ಖಡಕ್ ರೊಟ್ಟಿ ಮುರಿದು ತಿನ್ನುತ್ತಿದ್ದರು. ಕುತ್ತಿಗೆಯಲ್ಲಿ ಸ್ಕ್ಯಾನರು ನೇತಾಡುತ್ತಿತ್ತು.

"ಕನ್ನಡದವರಾ?" ಎಂದೆ.

ಅವರ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಎದ್ದು ನಿಂತರು. "ಹೌದ್ರಿ ಅಕ್ಕಾರ. ಹುಬ್ಬಳ್ಳಿ. ಬಸವರಾಜ ಅಂತ್ರಿ."

ನನಗೆ ಬಂದ ಸಿಟ್ಟಿಗೆ ಆ ರೊಟ್ಟಿ ಡಬ್ಬಿಯನ್ನೇ ಎತ್ತಿ ಎಸೆಯಬೇಕೆನಿಸಿತು. ಅವರು ತಲೆ ತಗ್ಗಿಸಿಯೇ ಹೇಳಿದರು. ಹೆಂಡತಿ ಇಲ್ಲಿಯ ಕಾಲೇಜಿನಲ್ಲಿ ಓದುತ್ತಿದ್ದಾಳೆ. ತಾವು ಕೆಂಪು ತಂಡದ ಯಜಮಾನನ ಗ್ಯಾರೇಜಿನಲ್ಲಿ ಟೈರಿನ ಕೆಲಸಕ್ಕಿದ್ದಾರೆ. ಜುಲೈನಲ್ಲಿ ಒಂದು ದಿನ ಅವರನ್ನೂ ಟ್ರ್ಯಾಕಿಗೆ ಕರೆದುಕೊಂಡು ಬಂದಿದ್ದರು.

"ಅವತ್ತ ಮೊದಲನೇ ಸಲ ನಿಮ್ಮ ದನಿ ಕೇಳಿದ್ನಿರಿ. ಮದುವಿ ಮನಿ, ಪಂಕ್ತಿ, ಪಾಯಸ ಅಂದ್ರಿ. ಎಷ್ಟ ದಿನಾ ಆಗಿತ್ರಿ ಇಂಥಾ ಮಾತ ಕೇಳಿ! ತಡಕೊಳ್ಳಾಕ ಆಗ್ಲಿಲ್ರಿ, ಬಿದ್ದ ಬಿದ್ದ ನಕ್ಕೆ. ಯಾಕ ನಗ್ತಿ ಅಂತ ನಮ್ಮ ಯಜಮಾನ ಕೇಳಿದ. ಖುಷಿಯೊಳಗ ಹೇಳಿಬಿಟ್ಟೆ." ರೊಟ್ಟಿ ಡಬ್ಬಿ ಮುಚ್ಚಿದರು. "ಈಗ ಗುಡ್ಡದ ಮ್ಯಾಲೆ ನಿಂತು ನಿಮ್ಮ ಮಾತ ಇಂಗ್ಲಿಷಿಗೆ ಹೇಳೋದ ನನ್ನ ಕೆಲಸ ಆಗೇತಿ. ಒಲ್ಲೆ ಅಂದ್ರ ನಾಳಿಂದ ಬರಬ್ಯಾಡ ಅಂತಾನ್ರಿ."

ಇಷ್ಟು ದೊಡ್ಡ ದೇಶದಲ್ಲಿ ನನ್ನ ಮಾತು ಕೇಳಿ ಮನಸಾರೆ ನಕ್ಕ ಒಬ್ಬನೇ ಒಬ್ಬ ಮನುಷ್ಯ ನಮ್ಮ ಮನೆಗೆ ಬೆಂಕಿ ಇಟ್ಟಿದ್ದ. ತಿರುಗಿ ಹೊರಟು ಬಂದೆ.

ಮನೆಗೆ ಬಂದು ಹೇಳಿದಾಗ ಇವರು, ಇನ್ನು ರೇಡಿಯೋದಲ್ಲಿ ಮಾತೇ ಬೇಡ ಎಂದರು. ಆಮೇಲೆ ಹಿಂದಿಯಲ್ಲಿ ಹೇಳೋಣ ಎಂದರು, ಆದರೆ ಹಿಂದಿ ತಿಳಿಯದವರು ಟೊರೊಂಟೊದಲ್ಲಿ ಎಲ್ಲಿದ್ದಾರೆ? ಉಪಾಯ ತೆಗೆದದ್ದು ನಿಧಿ. ವಾರಗಳ ಮೇಲೆ ಅವಳ ಕಣ್ಣಿಗೆ ಬೆಳಕು ಬಂದಿತ್ತು, ತಾನು ನಿಧಾನವಾಗಿಲ್ಲ ಎಂದು ಗೊತ್ತಾಗಿತ್ತಲ್ಲ.

"ಅವರು ಕೇಳ್ಲಿ," ಎಂದಳು, ಅಷ್ಟನ್ನು ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿಗೆ ಜಾರಿದಳು. ಕೊನೆಯ ರೇಸಿನಲ್ಲಿ ಅಮ್ಮ ರೇಡಿಯೋದಲ್ಲಿ ಹೇಳುವುದೆಲ್ಲ ಸುಳ್ಳು. ನಿಜ ಇರುವುದು ಬೋರ್ಡಿನಲ್ಲಿ ಮಾತ್ರ. ಪ್ರತಿ ಸುತ್ತಿನಲ್ಲೂ ಕಾರುಗಳು ಪಿಟ್ಟಿನ ಗೋಡೆಯ ಮುಂದೆ ಹಾದು ಹೋಗುತ್ತವೆ, ಅಲ್ಲಿ ಅಪ್ಪ ಕಪ್ಪು ಬೋರ್ಡಿನಲ್ಲಿ ಬರೆದು ಹಿಡಿಯುತ್ತಾರೆ. ತಾನು ಅದನ್ನಷ್ಟೇ ನಂಬುವುದು. "ಅಮ್ಮಾ, ಯು ಕೆನ್ ಆ್ಯಕ್ಟ್, ರೈಟ್?"

ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಮೂರು ವರ್ಷವೂ ನಾಟಕದಲ್ಲಿ ನನಗೇ ಬಹುಮಾನ ಎಂದು ಹೆಮ್ಮೆಯಿಂದ ಹೇಳಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂಥ ಉಪಾಯ. ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತು ನಕ್ಕೆವು. ಆ ಬೇಸಿಗೆಯಲ್ಲಿ ನಾವು ಹಾಗೆ ನಕ್ಕದ್ದು ಅದೊಂದೇ ಸಲ.

ಸೆಪ್ಟೆಂಬರಿನ ಆ ಭಾನುವಾರ ಲೆಕ್ಕ ಸರಳವಾಗಿತ್ತು. ನಿಧಿ, ಟ್ರೆವರ್ ಇಬ್ಬರಲ್ಲಿ ಯಾರು ಮುಂದೆ ಮುಗಿಸುತ್ತಾರೋ ಆಸ್ಟ್ರೇಲಿಯಾ ಅವರದು. ಕೆರೆಯ ಕಡೆಯಿಂದ, ಅಂದರೆ ಲೇಕ್ ಒಂಟಾರಿಯೋ ಕಡೆಯಿಂದ, ಬೂದು ಮೋಡ ಏರಿ ಬರುತ್ತಿತ್ತು. ಗುಡ್ಡದ ಮೇಲೆ ನನ್ನಿಂದ ನಾಲ್ಕು ಮಾರು ದೂರದಲ್ಲಿ ಬಸವರಾಜ್ ನಿಂತಿದ್ದರು. ಕುತ್ತಿಗೆಯಲ್ಲಿ ಸ್ಕ್ಯಾನರು, ಕೈಯಲ್ಲಿ ಅವರ ತಂಡದ ಸೆಟ್ಟು. ಇಬ್ಬರೂ ನಮಸ್ಕಾರ ಮಾಡಲಿಲ್ಲ.

ನಾನು ಸುಳ್ಳು ಹೇಳಲು ಶುರು ಮಾಡಿದೆ. "ಈಗಲೇ ಒಳಗೆ ಬಾ ಪುಟ್ಟಾ, ಮಳೆ ಟೈರು ಹಾಕೋಣ" ಎಂದೆ. ಬಸವರಾಜ್ ತುಟಿ ಅಲ್ಲಾಡಿಸಿದರು. ಟ್ರೆವರ್ ಒಳಗೆ ಓಡಿದ. ನಿಧಿ ಬರಲೇ ಇಲ್ಲ. ಮಳೆ ಇನ್ನೂ ದೂರವಿತ್ತು, ಅವನು ಒಣ ರಸ್ತೆಯ ಮೇಲೆ ಮಳೆ ಟೈರು ಹಾಕಿಕೊಂಡು ಒದ್ದಾಡಿದ. ಸ್ವಲ್ಪ ಹೊತ್ತಾದ ಮೇಲೆ ಎದೆ ಬಡಿದುಕೊಂಡು ಕೂಗಿದೆ: "ಅಯ್ಯೋ, ಹಿಂದಿನಿಂದ ಹೊಗೆ ಬರ್ತಿದೆ ಕಣೇ! ನಿಲ್ಲಿಸು, ನಿಲ್ಲಿಸು!" ಹೊಗೆಯೂ ಇಲ್ಲ, ಮಣ್ಣೂ ಇಲ್ಲ. ಅವಳು ಹೇಗೂ ನಿಲ್ಲುತ್ತಾಳೆ ಎಂದು ಟ್ರೆವರ್ ವೇಗ ತಗ್ಗಿಸಿದ. ಅವಳು "ಕಾಪಿ" ಎನ್ನುತ್ತ ಇನ್ನಷ್ಟು ಮುಂದೆ ಹೋದಳು. ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು. ಬಸವರಾಜ್ ನನ್ನ ಕಡೆ ಒಮ್ಮೆ ತಿರುಗಿ ನೋಡಿದರು. ಅವರಿಗೆ ಗೊತ್ತಾಗಿತ್ತು. ಆದರೂ ನಾನು ಆಡಿದ್ದನ್ನು ಆಡಿದ ಹಾಗೆಯೇ ತಮ್ಮವರಿಗೆ ಹೇಳುತ್ತ ಹೋದರು. ಆಮೇಲೆ ಕೇಳಿದಾಗ, "ನೀವ ಏನಂತೀ‌ರಿ ಅಂತ ಹೇಳೋದ ನನ್ನ ಕೆಲಸಾರಿ, ಖರೇನೋ ಸುಳ್ಳೋ ಅಂತ ಅವರು ಕೇಳೇ ಇಲ್ಲ" ಎಂದರು.

ಮಳೆ ಬಂದದ್ದು ಒಂದೇ ಸಲಕ್ಕೆ, ಬಕೆಟ್ಟು ಕವುಚಿದ ಹಾಗೆ. ಎಲ್ಲರೂ ಟೈರು ಬದಲಾಯಿಸಿದರು. ಕಾರುಗಳ ಹಿಂದೆ ನೀರಿನ ಹೊಗೆ ಎದ್ದು ಏನೂ ಕಾಣದಾಯಿತು. ಆ ಗಡಿಬಿಡಿಯಲ್ಲಿ ಟ್ರೆವರ್ ಮತ್ತೆ ನಿಧಿಯ ಬೆನ್ನಿಗೆ ಬಂದು ಅಂಟಿಕೊಂಡ. ಕೊನೆಯ ಸುತ್ತುಗಳು. ನನ್ನ ಮುಂದೆ ಒಂದು ದಿಣ್ಣೆ, ಅದರಾಚೆ ಇಳುಕಲು. ಏರಿ ಬರುವವರಿಗೆ ಆ ಇಳುಕಲು ಕಾಣುವುದಿಲ್ಲ, ಗುಡ್ಡದ ಮೇಲಿರುವ ನಮಗೆ ಮಾತ್ರ ಕಾಣುತ್ತದೆ. ಹಿಂದುಳಿದಿದ್ದ ಒಂದು ನೀಲಿ ಕಾರು ಆ ಇಳುಕಲಿನಲ್ಲಿ ಗಿರಗಿರನೆ ತಿರುಗಿ, ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಓಡಿಸುತ್ತಿದ್ದವನು ಹೊರಗೆ ಹಾರಿ ದಂಡೆಗೆ ಓಡಿದ. ಅಪಾಯ ಕಂಡರೆ ಬಾವುಟ ಹಿಡಿದು ತೋರಿಸುವ ಕೆಲಸದವರಿಗೆ ಆ ಮಳೆಯಲ್ಲಿ ಇನ್ನೂ ಏನೂ ಕಂಡಿರಲಿಲ್ಲ. ಅತ್ತ ಕಡೆಯಿಂದ ನಿಧಿ ಏರು ಹತ್ತಲು ಬರುತ್ತಿದ್ದಳು.

"ನಿಧೀ, ನಿಲ್ಲಿಸು! ದಿಣ್ಣೆ ಆಚೆ ಕಾರು ಅಡ್ಡ ನಿಂತಿದೆ!"

"ಕಾಪಿ, ಅಮ್ಮಾ." ದನಿಯಲ್ಲಿ ನಗು ಇತ್ತು.

ಅವಳು ಇದನ್ನೂ ನಾಟಕ ಎಂದುಕೊಂಡಿದ್ದಳು. "ಪುಟ್ಟಾ, ಇದು ನಿಜ ಕಣೇ! ನಾಟಕ ಅಲ್ಲ, ದೇವರಾಣೆ ನಿಜ!"

"ಓವರ್ ಆ್ಯಕ್ಟಿಂಗ್, ಅಮ್ಮಾ."

ಸುಳ್ಳು ಹೇಳುವವಳು ಇದೇ ಮಾತು ಹೇಳುತ್ತಿರಲಿಲ್ಲವೇ? ಇಂಗ್ಲಿಷಿನಲ್ಲಿ ಕೂಗಿದೆ, ಸ್ಟಾಪ್ ಎಂದೆ, ರಿಯಲ್ ಎಂದೆ. ಇಂಜಿನ್ನಿನ ಸದ್ದು ಏರುತ್ತಲೇ ಇತ್ತು. ಇಪ್ಪತ್ತೊಂದು ವರ್ಷ ಬಿದ್ದೀಯೆ, ಸುಟ್ಟೀತು, ಚಳಿ ಇದೆ, ಸ್ವೆಟರು ಹಾಕ್ಕೋ ಎಂದು ಹೇಳಿದ ಬಾಯಿ ನನ್ನದು. ಆ ಬಾಯಿಗೆ ಒಂದು ಮಧ್ಯಾಹ್ನದಲ್ಲಿ ಕಾಸಿನ ಬೆಲೆ ಇಲ್ಲದೆ ಹೋಗಿತ್ತು. ನಾನು ಕೂಗುತ್ತಿದ್ದೆನೋ ಬರೀ ಬಾಯಿ ತೆರೆದಿದ್ದೆನೋ ಗೊತ್ತಿಲ್ಲ.

ಯಾರೋ ನನ್ನ ಕೈಯಿಂದ ಸೆಟ್ಟು ಕಿತ್ತುಕೊಂಡರು.

"ನಿಧವ್ವಾ! ನಾ ಬಸವರಾಜ, ಕೆಂಪು ತಂಡದಾಂವ! ನಿಮ್ಮವ್ವ ಖರೇ ಹೇಳಾಕತ್ತಾಳ. ಕಾಲು ತಗೀಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಕಾಲು ತಗೀ!"

ಏರಿನ ತುದಿಗೆ ಸ್ವಲ್ಪವೇ ಮೊದಲು ಅವಳ ಕಾರಿನ ಹಿಂದಿನ ಕೆಂಪು ದೀಪ ಹತ್ತಿತು. ಕಾರು ಬಲಕ್ಕೆ ಸರಿದು, ಹುಲ್ಲಿಗೆ ಒಂದು ಚಕ್ರ ಇಳಿಸಿ, ತೆವಳುವ ಹಾಗಾಯಿತು. ಅವಳ ಕಾರು ಕೆಟ್ಟಿತೆಂದು ಟ್ರೆವರ್ ತಿಳಿದಿರಬೇಕು. ಎಡದಿಂದ ರೊಯ್ಯನೆ ದಾಟಿ, ಪೂರ್ತಿ ವೇಗದಲ್ಲಿ ದಿಣ್ಣೆ ಹಾರಿ ಇಳುಕಲಿಗೆ ಹೋದ.

ಆ ಸದ್ದನ್ನು ನಾನು ಬರೆಯಲಾರೆ.

ರೇಸು ನಿಲ್ಲಿಸಿದರು. ಹಾಗೆ ಅರ್ಧಕ್ಕೆ ನಿಂತರೆ ಅದಕ್ಕೆ ಹಿಂದಿನ ಸುತ್ತಿನಲ್ಲಿ ಯಾರು ಮುಂದಿದ್ದರೋ ಅವರೇ ಗೆದ್ದ ಹಾಗೆ. ನಿಧಿ ಮುಂದಿದ್ದಳು. ಇವರು ಫೋನಿನಲ್ಲಿ ಅದನ್ನು ಹೇಳಿದಾಗ ನಿಧಿ, ನಾನು ಹತ್ತಿರದ ಓಶಾವಾ ಊರಿನ ಆಸ್ಪತ್ರೆಯ ಕಾರಿಡಾರಿನಲ್ಲಿದ್ದೆವು. ಅವಳಿಗೆ ಏನೂ ಆಗಿರಲಿಲ್ಲ, ಟ್ರೆವರ್‌ನ ಸ್ಟ್ರೆಚರಿನ ಹಿಂದೆಯೇ ರೇಸಿನ ಬಟ್ಟೆಯಲ್ಲೇ ಬಂದಿದ್ದಳು. ಅವನ ಜೀವಕ್ಕೆ ಅಪಾಯವಿಲ್ಲ, ಬಲಗಾಲು ಮಾತ್ರ ಪೆಡಲುಗಳ ನಡುವೆ ಸಿಕ್ಕಿ ಮೂರು ಕಡೆ ಮುರಿದಿದೆ ಎಂದರು. ಗೆದ್ದೆಯಂತೆ ಎಂದು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಟ್ರೆವರ್‌ನ ತಾಯಿ ನನ್ನ ಪಕ್ಕದಲ್ಲಿ ಬಂದು ಕೂತರು. ನನ್ನದೇ ವಯಸ್ಸು, ಕೈಯಲ್ಲಿ ಅವನ ಒದ್ದೆ ಕೈಗವಸು. "ನೀವು ಮೇಲಿದ್ದಿರಲ್ಲ, ನೀವು ನೋಡಿದಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನೋಡಿದೆ ಎಂದೆ. "ನಿಮ್ಮ ಮಗಳಿಗೆ ಹೇಳಿದಿರಿ." ಹೇಳಿದೆ ಎಂದೆ. ಅವರು ತಲೆ ತಗ್ಗಿಸಿ ಆ ಕೈಗವಸನ್ನು ಮಡಚತೊಡಗಿದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬಸವರಾಜರನ್ನು ಅವತ್ತೇ ಕೆಲಸದಿಂದ ತೆಗೆದರು. ಅವರ ಯಜಮಾನನನ್ನು ನಾನು ದೂರಲಾರೆ. ತಮ್ಮ ಹುಡುಗನಿಗೆ ಹೇಳಬೇಕಾದ ಹೊತ್ತಿನಲ್ಲಿ ಅವರು ನಮ್ಮ ಹುಡುಗಿಗೆ ಹೇಳಿದ್ದರು. ಮಾರನೆಯ ದಿನ ಅವರನ್ನು ಹುಡುಕಿಕೊಂಡು ಹೋದೆ. ಅವರ ಕಣ್ಣು ಊದಿಕೊಂಡಿತ್ತು.

"ಎರಡೂ ಕೈಯಾಗ ಒಂದೊಂದು ಸೆಟ್ ಇತ್ರಿ ಅಕ್ಕಾರ," ಎಂದರು. "ಬಾಯಿ ಮಾತ್ರ ಒಂದ ಇತ್ತು. ನೀವ ಚೀರಾಕತ್ತಿದ್ರಿ. ಆ ಹುಡುಗಿ ನಗಾಕತ್ತಿದ್ಲು. ಆಮ್ಯಾಲೆ ಏನಾತೋ ನನಗೂ ತಿಳೀವಲ್ದು." ಪಾಜಿ ಅವರಿಗೆ ಮಾಲ್ಟನ್‌ನ ಶೆಡ್ಡಿನಲ್ಲಿ ಕೆಲಸ ಕೊಟ್ಟರು. ಕೆಲಸ ಸಿಕ್ಕಿತೆಂದು ಅವರ ಮುಖ ಅರಳಲಿಲ್ಲ. ಬಹಳ ದಿನ ಯಾವ ವಾಕಿಟಾಕಿಯನ್ನು ಕಂಡರೂ ಆ ಕಡೆ ಹೋಗುತ್ತಿರಲಿಲ್ಲ.

ನಿಧಿ ಆಸ್ಟ್ರೇಲಿಯಾಕ್ಕೆ ಹೋಗುವುದಿಲ್ಲ ಎಂದಳು. ಒಂದು ತಿಂಗಳು ಅದೇ ಮಾತು. ಕೊನೆಗೆ ಅವಳನ್ನು ಒಪ್ಪಿಸಿದವನು ಟ್ರೆವರ್. ನೀನು ಹೋಗದಿದ್ದರೆ ನನ್ನ ಕಾಲು ಸುಮ್ಮಸುಮ್ಮನೆ ಮುರಿದ ಹಾಗಾಗುತ್ತದೆ ಎಂದು ಹಾಸಿಗೆಯಿಂದಲೇ ರೇಗಿದನಂತೆ. ಅವನನ್ನು ನೋಡಿ ಬಂದ ಆ ದಿನ ಕಾರಿನಲ್ಲಿ ನಾನು ಕೇಳಬಾರದ್ದನ್ನು ಕೇಳಿದೆ. ಎದುರು ತಂಡದವರು, ಮುಖ ನೋಡದವರು, ನೀನು ಆ ಬಸವರಾಜರ ಮಾತು ನಂಬಿದೆ. ನನ್ನದನ್ನು ಯಾಕೆ ನಂಬಲಿಲ್ಲ?

ಅವಳು ವೈಪರು ಆಡುವುದನ್ನೇ ನೋಡುತ್ತ ಹೇಳಿದಳು. "ಅವರು ಅಳ್ತಿದ್ರು, ಅಮ್ಮಾ. ಯು ವರ್ ಜಸ್ಟ್ ಲೌಡ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ಹೇಳುತ್ತಿದ್ದರು. ಆ ಸೆಪ್ಟೆಂಬರಿನಿಂದ ನಾನು ಏನು ಹೇಳಿದರೂ ನಿಧಿ ಒಂದು ಕ್ಷಣ ತಡೆದು ನನ್ನ ಮುಖ ನೋಡುತ್ತಾಳೆ. ಸಾರಿಗೆ ಉಪ್ಪು ಸರಿಯಿದೆ ಎಂದರೂ ಅಷ್ಟೇ. ಬೇಕೆಂದು ಮಾಡುವುದಲ್ಲ, ಅವಳಿಗೆ ಅದು ತಿಳಿದೂ ಇಲ್ಲ. ಇವರ ಮಾತಿಗೆ ಹಾಗಾಗುವುದಿಲ್ಲ, ಇವರು ಬೋರ್ಡು ಹಿಡಿದವರು.

ಜನವರಿಯಲ್ಲಿ ಅವಳು ಹೊರಟಳು. ಹಿಮ ಬಿದ್ದು ರಸ್ತೆ ಜಾರುತ್ತಿದ್ದ ಮಧ್ಯಾಹ್ನ, ಬಸವರಾಜರೇ ಪಾಜಿಯ ವ್ಯಾನಿನಲ್ಲಿ ನಮ್ಮೆಲ್ಲರನ್ನೂ ಏರ್‌ಪೋರ್ಟಿಗೆ ಕರೆದುಕೊಂಡು ಹೋದರು. ಅವಳು ನಮಗೆಲ್ಲ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಬಸವರಾಜರಿಗೂ. ಅವಳು ಒಳಗೆ ಹೋದ ಮೇಲೆ ಇವರು ಕಾಫಿ ತರಲು ಹೋದರು. ಬಸವರಾಜ್, ನಾನು ಗಾಜಿನ ಗೋಡೆಯ ಪಕ್ಕ ನಿಂತಿದ್ದೆವು. ಆಗ ಟ್ರೆವರ್‌ನ ತಾಯಿ ಫೋನು ಮಾಡಿದರು. ಅವತ್ತು ಬೆಳಗ್ಗೆ ಡಾಕ್ಟರು ಕೊನೆಯ ಸಲ ಕಾಲು ನೋಡುವವರಿದ್ದರು. ಎಲ್ಲ ಕೂಡಿದೆ, ಕುಂಟಿಲ್ಲದೆ ನಡೆಯುತ್ತಾನೆ ಎಂದು ಹೇಳಿದರಂತೆ. ಆ ಹೆಂಗಸು ಅಳುತ್ತ ನಗುತ್ತಿದ್ದರು. ನಾನೂ ಅತ್ತೆ.

ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ನಿಧಿಯ ಫೋನು ಬಂತು. ವಿಮಾನ ಹತ್ತಲು ಕರೆಯುತ್ತಿದ್ದಾರೆ ಎಂದಳು. ಆಮೇಲೆ ದನಿ ತಗ್ಗಿಸಿ, "ಅಮ್ಮಾ, ಟ್ರೆವರ್ ನಡೀತಾನಾ? ಐ ಮೀನ್, ಸರಿಯಾಗಿ?" ಎಂದಳು.

"ನಡೀತಾನೆ ಕಂದಾ. ಈಗಷ್ಟೇ ಅವರಮ್ಮ ಫೋನ್ ಮಾಡಿದ್ರು. ಕುಂಟಿಲ್ದೆ ನಡೀತಾನಂತೆ. ನೀನು ನಿಶ್ಚಿಂತೆಯಾಗಿ ಹೋಗು."

ಅತ್ತ ಕಡೆ ಸದ್ದಿಲ್ಲ. ಆಮೇಲೆ, "ಓಕೆ, ಅಮ್ಮಾ. ಲವ್ ಯು" ಎಂದು ಇಟ್ಟಳು.

ನಾನು ಫೋನನ್ನು ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಬಸವರಾಜರ ಫೋನು ರಿಂಗಾಯಿತು. ಅವರು ಯಾರದೆಂದು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಬೇರೆ ಕಡೆ ತಿರುಗಿಕೊಂಡು ಎತ್ತಿದರು.

"ಹೂನವ್ವಾ," ಎಂದರು. "ನಡೀತಾನಂತ. ನಿಮ್ಮವ್ವ ಖರೇನ ಹೇಳ್ಯಾಳ."